ಹಲಗೂರಿನ ಕಬ್ಬಿಣ

ಬೆಂಗಳೂರನ್ನು ಬಿಟ್ಟು ಕನಕಪುರ, ಸಾತನೂರುಗಳನ್ನು ಹಾದು ಕೊಳ್ಳೇಗಾಲದತ್ತ ಸಾಗುವ ಹೆದ್ದಾರಿಯಲ್ಲಿ ಸುಮಾರು 80 ಕಿಲೋಮೀಟರು ಕ್ರಮಿಸಿದರೆ ಹಲಗೂರು ಎದುರಾಗುತ್ತದೆ. ಮಳವಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರವಿದು. ಸುತ್ತ ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ತೆಂಗಿನ ಸಾಲು. ದಕ್ಷಿಣಕ್ಕೆ ಕಾವೇರಿಯ ಕಾಡು. ಮುತ್ತತ್ತಿಗೂ ಭೀಮೇಶ್ವರಿಗೂ ಹೋಗುವ ಪಟ್ಟಣದ ಸಂಸಾರಗಳು ಇಲ್ಲಿ ಇಳಿದು ಕಾಫಿ ಕುಡಿದು, ಮಕ್ಕಳಿಗೆ ಬಾಳೆಹಣ್ಣು ಕೊಂಡು, ಮತ್ತೆ ವಾಹನವನ್ನೇರುತ್ತಾರೆ. ಊರಿನ ಹೆಸರನ್ನು ಫಲಕದಲ್ಲಿ ಓದಿ ಮರೆಯುವವರೇ ಹೆಚ್ಚು.

ಆದರೆ ನೀಲಗಾರರ ತಂಬೂರಿ ಈ ಹೆಸರನ್ನು ಮರೆತಿಲ್ಲ. ಮಂಟೇಸ್ವಾಮಿಯ ಮಹಾಕಾವ್ಯವನ್ನು ಹಾಡುವ ಆ ಗಾಯಕರು ಹಲಗೂರಿನ ಪ್ರಸಂಗ ಬಂದಾಗ ದನಿಯೇರಿಸುತ್ತಾರೆ. ನಿಡಘಟ್ಟದ ಕಮ್ಮಾರರ ಮನೆಯ ಮಗ ಕೆಂಪಾಚಾರಿ ಗುರುವಿನ ಕರೆಗೆ ಓಗೊಟ್ಟು ಸಿದ್ಧಪ್ಪಾಜಿಯಾದನು. ಕಬ್ಬಿಣದ ಭಿಕ್ಷೆಯನ್ನು ತರುವಂತೆ ಗುರು ಅವನನ್ನು ಕಳುಹಿಸಿದ್ದು ಈ ಹಲಗೂರಿಗೆ. ಇಲ್ಲಿಯ ಪಾಂಚಾಳರು ಕುಲದಿಂದ ಅವನ ಸ್ವಂತ ಜನ. ಆದರೂ ಅವರು ಬಾಗಿಲಿಗೆ ಬಂದ ಭಿಕ್ಷುಕನನ್ನು ನಂಬಲಿಲ್ಲ. ಪರಿಪರಿಯ ಕಠಿಣ ಪರೀಕ್ಷೆಗಳಿಗೆ ಒಡ್ಡಿದರು. ಎಲ್ಲವನ್ನೂ ಗೆದ್ದು ಅವನು ಗುರುವಿನ ಬಳಿಗೆ ಕಬ್ಬಿಣವನ್ನು ಕೊಂಡೊಯ್ದನೆಂಬುದು ಕಥೆ. ಚಿಕ್ಕಲ್ಲೂರಿನ ಜಾತ್ರೆಗೆ ಈ ದಾರಿಯಲ್ಲಿ ಸಾಗುವ ಭಕ್ತರಿಗೆ ಹಲಗೂರೆಂದರೆ ಇಂದಿಗೂ ಆ ಕಬ್ಬಿಣದ ಊರೇ.

ಕಬ್ಬಿಣದ ಕೆಲಸ ಬಲ್ಲವರಿಗೆ ಒಂದು ಗುಟ್ಟು ಗೊತ್ತು. ಕೆಂಪಗೆ ಕಾದ ಉಕ್ಕನ್ನು ತಟಕ್ಕನೆ ನೀರಿಗೆ ಅದ್ದಿದರೆ ಅದು ಗಡುಸಾಗುತ್ತದೆ, ನಿಜ. ಆದರೆ ಪೆಡಸೂ ಆಗುತ್ತದೆ. ಅಂಥ ಕುಡುಗೋಲು ಕಲ್ಲಿಗೆ ತಾಗಿದರೆ ಮುಕ್ಕಾಗುತ್ತದೆ, ಇಲ್ಲವೆ ಮುರಿದೇ ಹೋಗುತ್ತದೆ. ಆದ್ದರಿಂದ ಬಲ್ಲ ಕಮ್ಮಾರನು ಅದನ್ನು ಇನ್ನೊಮ್ಮೆ ಸಣ್ಣ ಉರಿಯಲ್ಲಿ ಕಾಯಿಸಿ ಹದಕ್ಕೆ ತರುತ್ತಾನೆ. ಮೊದಲಿನ ಉರಿಗಿಂತ ಈ ಎರಡನೆಯ ಉರಿಗೆ ಹೆಚ್ಚು ತಾಳ್ಮೆ ಬೇಕು.

ಕಬ್ಬಿಣದ ವಿಷಯದಲ್ಲಿ ನಮ್ಮ ಹಿರಿಯರು ಕಂಡುಕೊಂಡ ಈ ಸತ್ಯವನ್ನು ಮನುಷ್ಯನ ವಿಷಯದಲ್ಲಿ ಸಮಾಜವು ಕಂಡುಕೊಂಡಿದೆಯೇ?

ಯಾವ ಸೀಮೆಯ ಹಳ್ಳಿಯಾದರೂ ಸರಿಯೆ, ಬದುವಿನ ಜಗಳ, ನೀರಿನ ಸರದಿಯ ವ್ಯಾಜ್ಯ, ಕುಡಿತದ ಅಮಲಿನಲ್ಲಿ ಆಡಿದ ಒಂದು ಮಾತು—ಇಷ್ಟೇ ಸಾಕು, ಒಂದು ಗಳಿಗೆಯ ಕೋಪದಲ್ಲಿ ಎರಡು ಮನೆಗಳ ದೀಪ ಆರುತ್ತದೆ. ಒಬ್ಬನು ಮಣ್ಣಿಗೆ, ಇನ್ನೊಬ್ಬನು ಸೆರೆಮನೆಗೆ. ನ್ಯಾಯಾಲಯವು ಜೀವಾವಧಿ ಶಿಕ್ಷೆ ವಿಧಿಸಿದ ದಿನ ಊರಿನವರು ‘ಅಲ್ಲಿಗೆ ಮುಗಿಯಿತು’ ಎಂದುಕೊಳ್ಳುತ್ತಾರೆ. ಆದರೆ ಕೆಲಸ ಆರಂಭವಾಗುವುದೇ ಅಲ್ಲಿಂದ.

ಶಿಕ್ಷೆಯ ಕ್ರೌರ್ಯಕ್ಕಿಂತ ಅದರ ಖಚಿತತೆಯೇ ಅಪರಾಧವನ್ನು ತಡೆಯುತ್ತದೆಂದು ಇಟಲಿಯ ಬೆಕಾರಿಯಾ 1764ರಲ್ಲಿಯೇ ವಾದಿಸಿದನು. ಮನಶ್ಶಾಸ್ತ್ರಜ್ಞರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬೇರೊಂದು ಪ್ರಶ್ನೆ ಕೇಳಿದರು: ಬಂಧನದಲ್ಲಿರುವ ಮನುಷ್ಯನ ಮನಸ್ಸಿನಲ್ಲಿ ನಡೆಯುವುದೇನು? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿಯನ್ನು ಪ್ರಕಟಿಸಿದರು. ಮಾದಕ ವಸ್ತುಗಳ ಚಟವನ್ನು ಲೆಕ್ಕದಿಂದ ಬಿಟ್ಟರೂ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಮಾನಸಿಕ ತೊಂದರೆಯಿರುವುದು ಕಂಡುಬಂದಿತು. ಚಟವನ್ನೂ ಸೇರಿಸಿದರೆ ಆ ಸಂಖ್ಯೆ ನೂರಕ್ಕೆ ಎಂಬತ್ತರ ಸಮೀಪಕ್ಕೆ ಏರಿತು. ಎತ್ತರದ ಗೋಡೆ ದೇಹವನ್ನು ತಡೆಯಬಲ್ಲದು. ಒಳಗಿನ ಈ ರೋಗಕ್ಕೆ ಅದು ಮದ್ದಲ್ಲ.

ಹಲಗೂರಿನಿಂದ ಪಡುವಣಕ್ಕೆ, ಮಳವಳ್ಳಿಯನ್ನು ದಾಟಿ ಹೋದರೆ ಮೈಸೂರು. ಅರಮನೆಯನ್ನೂ ಚಾಮುಂಡಿಯನ್ನೂ ನೋಡುವ ಪ್ರವಾಸಿಗಳು ಅಲ್ಲಿಯ ಕೇಂದ್ರ ಕಾರಾಗೃಹದ ಕಡೆ ತಿರುಗಿ ನೋಡುವುದಿಲ್ಲ. ನೋಡಬೇಕಾದ ಕಾರಣವೂ ಇಲ್ಲ. ಆದರೆ ಕನ್ನಡನಾಡು ಹೆಮ್ಮೆಪಡಬೇಕಾದ ಒಂದು ಪ್ರಯೋಗ ನಡೆದದ್ದು ಆ ಗೋಡೆಗಳೊಳಗೆ. ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿಯವರು ಬಂದಿಗಳನ್ನು ಕೂಡಿಸಿಕೊಂಡು ನಾಟಕಗಳನ್ನು ಆಡಿಸಿದರು. ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ಎಚ್. ಎಸ್. ಶಿವಪ್ರಕಾಶರು ನಮ್ಮ ಮಣ್ಣಿಗೆ ಒಗ್ಗಿಸಿ ಬರೆದ ‘ಮಾರನಾಯಕ’ವೂ ಅವುಗಳಲ್ಲಿ ಒಂದು. ಪೊಲೀಸರ ಕಾವಲಿನಲ್ಲಿ ಬಂದಿಗಳು ಹೊರಗಿನ ರಂಗಮಂದಿರಗಳಿಗೂ ಬಂದು ಅಭಿನಯಿಸಿದರು.

ಕೊಲೆಯ ಆರೋಪ ಹೊತ್ತು ಶಿಕ್ಷೆ ಅನುಭವಿಸುತ್ತಿರುವವನು ಕೊಲೆಗಡುಕನ ಪಾತ್ರವನ್ನೇ ಧರಿಸಿ ರಂಗದ ಮೇಲೆ ನಿಂತಾಗ ಏನಾಗಬಹುದು? ನ್ಯಾಯಾಲಯದ ಕಟಕಟೆಯಲ್ಲಿ ಅವನು ಹೇಳಿಕೊಂಡದ್ದೆಲ್ಲ ತನ್ನನ್ನು ಉಳಿಸಿಕೊಳ್ಳುವ ಮಾತು. ರಂಗದ ಮೇಲೆ ಉಳಿಸಿಕೊಳ್ಳಬೇಕಾದುದೇನೂ ಇಲ್ಲ. ಎಷ್ಟು ತೊಳೆದರೂ ಹೋಗದ ಕೈಯ ಕಲೆಯನ್ನು ಕುರಿತು ಅವನು ಹತ್ತು ದಿನ ಅಭ್ಯಾಸ ಮಾಡಬೇಕು. ಇನ್ನೊಂದು ದಿನ ಸತ್ತವನ ಕಡೆಯವನಾಗಿ ನಿಂತು ಅಳಬೇಕು. ವಿಯೆನ್ನಾದ ವೈದ್ಯ ಮೊರೆನೊ ಈ ತತ್ತ್ವದ ಮೇಲೆಯೇ ‘ಮನೋನಾಟಕ’ವೆಂಬ ಚಿಕಿತ್ಸೆಯನ್ನು ರೂಪಿಸಿದನು, ಅಮೆರಿಕೆಗೆ ಹೋದ ಮೇಲೆ 1930ರ ದಶಕದ ಆರಂಭದಲ್ಲಿ ಅಲ್ಲಿಯ ಸಿಂಗ್ ಸಿಂಗ್ ಸೆರೆಮನೆಯ ಬಂದಿಗಳನ್ನು ಕುರಿತು ಅಧ್ಯಯನ ನಡೆಸಿದನು. ಇನ್ನೊಬ್ಬರ ನೋವನ್ನು ಅವರ ಸ್ಥಾನದಲ್ಲಿ ನಿಂತು ಕಾಣುವುದು—ಕಮ್ಮಾರನ ಎರಡನೆಯ ಉರಿಯೆಂದರೆ ಇದೇ.

ಇವೆಲ್ಲ ಬರಿಯ ಮೃದುಹೃದಯದ ಕನಸುಗಳೆಂದು ಹೇಳುವವರೂ ಉಂಟು. 1974ರಲ್ಲಿ ಅಮೆರಿಕೆಯ ಮಾರ್ಟಿನ್‌ಸನ್ ಎಂಬ ಸಮಾಜಶಾಸ್ತ್ರಜ್ಞನು, ಬಂದಿಗಳ ಸುಧಾರಣೆಗೆ ಮಾಡಿದ ಪ್ರಯತ್ನಗಳಿಂದ ಹೇಳಿಕೊಳ್ಳುವಂಥ ಫಲ ದೊರೆತಿಲ್ಲವೆಂದು ಬರೆದಾಗ ಲೋಕವೇ ನಿರಾಶೆಗೊಂಡಿತು. ಐದು ವರ್ಷಗಳ ಬಳಿಕ ಅವನೇ ಆ ಮಾತನ್ನು ತಿದ್ದಿಕೊಂಡದ್ದು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ. ಕೆನಡಾದ ಆಂಡ್ರೂಸ್, ಬಾಂಟಾ ಮೊದಲಾದ ಮನಶ್ಶಾಸ್ತ್ರಜ್ಞರು 1990ರಲ್ಲಿ ವಿವೇಕದ ದಾರಿಯೊಂದನ್ನು ತೋರಿದರು. ಮತ್ತೆ ತಪ್ಪುವ ಸಂಭವ ಯಾರಲ್ಲಿ ಹೆಚ್ಚೋ ಅವರ ಮೇಲೆ ಹೆಚ್ಚು ಶ್ರಮ ಹಾಕಬೇಕು. ಕುಡಿತ, ದುಷ್ಟಸಹವಾಸ, ಕೋಪಕ್ಕೆ ಎಡೆಮಾಡುವ ಯೋಚನೆಯ ರೂಢಿ—ಇಂಥ ಮೂಲಕಾರಣಗಳನ್ನೇ ಹಿಡಿಯಬೇಕು. ಕಲಿಯುವವನಿಗೆ ಅರ್ಥವಾಗುವ ರೀತಿಯಲ್ಲಿ ಕಲಿಸಬೇಕು. ಎಲ್ಲ ಕಬ್ಬಿಣಕ್ಕೂ ಒಂದೇ ಉರಿಯಲ್ಲವೆಂದು ಇದರ ಅರ್ಥ.

ಹೀಗೆ ಹದಗೊಂಡ ಮನುಷ್ಯನು ಕೊನೆಗೆ ಬಂದು ಸೇರಬೇಕಾದುದು ಎಲ್ಲಿಗೆ? ತನ್ನ ಊರಿಗೇ ಅಲ್ಲವೆ? ಪೆರೋಲಿನ ಮೇಲೆ ಕೆಲವು ದಿನ ಮನೆಗೆ ಹೋಗಿಬರಲು ಬಂದಿ ಅರ್ಜಿ ಹಾಕಿಕೊಂಡಾಗ ಅವನ ಊರಿನ ಠಾಣೆಯಿಂದ ವರದಿ ಕೇಳುವುದುಂಟು. ಅವನು ಬಂದರೆ ಶಾಂತಿ ಕದಡುವುದೇ, ಹಗೆ ಮರುಕಳಿಸುವುದೇ ಎಂದು ವಿಚಾರಿಸುವುದುಂಟು. ಸೆರೆಮನೆಯ ಕೊನೆಯ ಬಾಗಿಲು ಇರುವುದು ಊರಿನ ಜನರ ಎದೆಯಲ್ಲಿ.

ಈ ಬಾಗಿಲನ್ನು ತೆರೆಯುವುದು ಸುಲಭವೆಂದು ಯಾರೂ ಭಾವಿಸಬಾರದು. ಬಸ್ಸಿನಿಂದಿಳಿದವನು ನಡೆದುಹೋಗುವ ಬೀದಿಯಲ್ಲಿಯೇ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಜಗಲಿಯ ಮೇಲೆ ಕುಳಿತಿರಬಹುದು. ಅವನು ಹದಿನಾಲ್ಕು ವರ್ಷ ಕಳೆದು ಬಂದನೆಂದು ಎಲ್ಲರೂ ಎಣಿಸುತ್ತಾರೆ. ಆಕೆಯ ಹದಿನಾಲ್ಕು ವರ್ಷಗಳನ್ನು ಎಣಿಸಿದವರು ಯಾರು? ತಂದೆಯಿಲ್ಲದೆ ಬೆಳೆದ ಮಕ್ಕಳ ಶುಲ್ಕ ಕಟ್ಟಿದವರು ಯಾರು? ಅಪರಾಧಿಯ ಮನಸ್ಸನ್ನು ತಿದ್ದುವ ಶಾಸ್ತ್ರವು ಆಕೆಯ ಮನೆಯನ್ನು ಮರೆತರೆ ಅದು ಅರ್ಧಶಾಸ್ತ್ರ. ಆಕೆ ಕ್ಷಮಿಸಲೇಬೇಕೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆಕೆ ನಿರ್ಭಯವಾಗಿ ಬಾಳುವಂತೆಯೂ, ಹಿಂದಿರುಗಿದವನು ದುಡಿದು ಉಣ್ಣುವಂತೆಯೂ ನೋಡಿಕೊಳ್ಳುವುದು ಊರಿನ ಹೊಣೆ. ಕೂಲಿಗೆ ಕರೆಯುವವರೇ ಇಲ್ಲದವನಿಗೆ ಹಳೆಯ ಸಹವಾಸದ ಬಾಗಿಲು ಮಾತ್ರ ಸದಾ ತೆರೆದಿರುತ್ತದೆ.

ಸಿದ್ಧಪ್ಪಾಜಿ ಶರಣ; ಅವನಿಗೂ ಅಪರಾಧಿಗೂ ಹೋಲಿಕೆ ಸಲ್ಲದು. ಆದರೂ ಹಲಗೂರಿನ ಕಥೆ ಒಂದು ಮಾತನ್ನು ಕಿವಿಯಲ್ಲಿ ಹೇಳುತ್ತದೆ: ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತವನನ್ನು ಸ್ವಜನರು ಪರೀಕ್ಷಿಸಿದರೆ ತಪ್ಪಲ್ಲ, ಆದರೆ ಪರೀಕ್ಷೆಗೆ ಒಂದು ಕೊನೆಯಿರಬೇಕು, ಗೆದ್ದವನಿಗೆ ಭಿಕ್ಷೆ ದೊರೆಯಬೇಕು.

ಸಂಜೆಯಾಗುತ್ತಿದ್ದಂತೆ ಹಲಗೂರಿನ ನಿಲ್ದಾಣದಲ್ಲಿ ಮಳವಳ್ಳಿಯ ಕಡೆಯ ಬಸ್ಸು ಬಂದು ನಿಲ್ಲುತ್ತದೆ. ಇಳಿಯುವವರ ಕೈಯಲ್ಲಿ ಸಂತೆಯ ಚೀಲ, ಹೆಗಲ ಮೇಲೆ ಮಗು, ಕಂಕುಳಲ್ಲಿ ಗಂಟು. ಅವರಲ್ಲಿ ಯಾರು ಯಾವ ದೂರದಿಂದ ಹಿಂದಿರುಗುತ್ತಿದ್ದಾರೆಂದು ಮುಖ ನೋಡಿ ಹೇಳಲಾಗದು. ಬಸ್ಸು ಹೊರಟುಹೋಗುತ್ತದೆ, ಇಳಿದವರು ತಂತಮ್ಮ ಮನೆಯ ಕಡೆಗೆ ನಡೆಯುತ್ತಾರೆ.