ಮಳೆಗೆ ಜಾತಿ ಇರಲಿಲ್ಲ, ಛತ್ರಿಗಿತ್ತು

ಹವಾಮಾನ ವರದಿ ಅಂದರೆ ವಾರ್ತೆಯ ಬಾಲ ಅಂತಲೇ ಓದುಬಲ್ಲ ನಮ್ಮ ಜನ ತಿಳಿದಿದ್ದಾರೆ. ಮಂತ್ರಿಗಳ ಭಾಷಣ ಮುಗಿದು, ಪೇಟೆ ಧಾರಣಿ ಮುಗಿದು, ಆಟದ ಸುದ್ದಿ ಮುಗಿದು, ರೇಡಿಯೋದ ಕಿವಿ ತಿರುವಲು ಕೈ ಹೋಗುವ ಹೊತ್ತಿಗೆ ಅದು ಬರುತ್ತದೆ. ಲಕ್ಷದ್ವೀಪದ ಸಮುದ್ರದಲ್ಲಿ ಬಿರುಗಾಳಿ ಬೀಸುವ ಸಂಭವವಿದೆ, ಮೀನುಗಾರರು ಕಡಲಿಗೆ ಇಳಿಯಬಾರದು. ಅಷ್ಟೆ. ರೇಡಿಯೋ ಆರಿತು. ನಮ್ಮ ಮನೆಯಲ್ಲಿ ಮಾತ್ರ ಈ ಒಂದು ಸಾಲೇ ತಲೆ, ಉಳಿದದ್ದೆಲ್ಲ ಬಾಲ.

ನಮ್ಮಪ್ಪ ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ಹಮಾಲಿ. ಊರು ಕೊಪ್ಪಳದ ಕಡೆ. ಕಡಲು ಅಂದರೆ ಸಾಲಿಯ ನಕಾಶೆಯೊಳಗಿನ ನೀಲಿ ಬಣ್ಣ ಅಂತ ಮಾತ್ರ ಗೊತ್ತಿದ್ದ ಊರು. ಅಲ್ಲಿಂದ ಗುಳೆ ಹೋದವರಲ್ಲಿ ಅವನೂ ಒಬ್ಬ. ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ ಅವನು ಅಕ್ಕಿ, ಸಕ್ಕರೆ, ಉಳ್ಳಾಗಡ್ಡಿ, ಸಿಮೆಂಟು, ಜಲ್ಲಿಕಲ್ಲು ಹೊತ್ತು ಹಾಕುತ್ತಾನೆ. ಮಂಜಿ ಅಂದರೆ ಸರಕಿನ ಮರದ ಹಡಗು. ಹಿಂದೆ ಹಾಯಿ ಮೇಲೆ ಹೋಗುತ್ತಿತ್ತು, ಈಗ ಎಂಜಿನ್ನಿದೆ. ಕೂಲಿ ಹೊತ್ತಿದ್ದಕ್ಕೆ ಲೆಕ್ಕ. ಗಾಳಿ ಎದ್ದ ದಿನ ಮಂಜಿ ಇಲ್ಲ. ಮಂಜಿ ಇಲ್ಲದ ದಿನ ಚೀಲ ಇಲ್ಲ. ಚೀಲ ಇಲ್ಲದ ದಿನ ಏನಿಲ್ಲ ಅಂತ ಈ ಪತ್ರಿಕೆ ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಫೋನು ಮಾಡಿ "ಉಂಡ್ಯಾ ಅಪ್ಪಾ?" ಅಂದರೆ ಅವನ ಉತ್ತರ ಹವಾಮಾನದಲ್ಲೇ ಇರುತ್ತದೆ. "ಅಮಿನಿ ಕಡೆ ಗಾಳಿ ತಿರಿಗೇತಂತ ತಮ್ಮಾ. ಎರಡ ದಿನದಿಂದ ಸುಮ್ಮ ಕುಂತೀವಿ." ಉಂಡನೋ ಇಲ್ಲವೋ ಅದರಿಂದಲೇ ತಿಳಿದುಕೊಳ್ಳಬೇಕು.

ಅಮಿನಿ ಅಂದರೆ ಮಂಗಳೂರಿನಿಂದ ಸುಮಾರು 300 ಕಿಲೋಮೀಟರ್ ದೂರದ ಒಂದು ಹವಳದ ದ್ವೀಪ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು; ನನ್ನ ಫೀಸು ಕಟ್ಟಿದ್ದು ಆ ದ್ವೀಪ ಉಣ್ಣುವ ಅಕ್ಕಿಯ ಚೀಲ. ನಾನು ಅಲ್ಲಿಗೆ ಹೋಗಿಲ್ಲ. ಹೊರಗಿನವರು ಹೋಗಲು ಪರ್ಮಿಟ್ ಬೇಕು, ದುಡ್ಡು ಬೇಕು. ಅಪ್ಪನೂ ಹೋಗಿಲ್ಲ. ಅವನ ಬೆವರು ಹತ್ತಿದ ಚೀಲ ಹೋಗಿದೆ. ಆದ್ದರಿಂದ ಅಲ್ಲಿನ ಗಾಳಿ, ಮಳೆ, ತೆರೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ.

ಲಕ್ಷದ್ವೀಪದಲ್ಲಿ ಜನ ಇರುವ ದ್ವೀಪಗಳು 10. ಎಲ್ಲ ದ್ವೀಪಗಳ ನೆಲ ಸೇರಿದರೂ 32 ಚದರ ಕಿಲೋಮೀಟರ್. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ 64,473. ನೆಲ ಕಡಲಿಗಿಂತ ಒಂದೆರಡು ಮೀಟರು ಎತ್ತರ, ಅಷ್ಟೆ. ನದಿ ಇಲ್ಲ, ಹಳ್ಳ ಇಲ್ಲ, ಗುಡ್ಡ ಇಲ್ಲ. ಬಿದ್ದ ಮಳೆ ಹವಳದ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತದೆ. ಬಾವಿಯಲ್ಲಿ ಸಿಗುವ ಸಿಹಿನೀರು ಅದೇ. ಮಳೆ ತಪ್ಪಿದರೆ ಬಾವಿ ಉಪ್ಪು. ದೊಡ್ಡ ತೆರೆ ದಂಡೆ ಹತ್ತಿದರೂ ಬಾವಿ ಉಪ್ಪು.

ಇಂಥ ಕಡೆ ಉಷ್ಣಮಾಪಕ ಏನನ್ನೂ ಹೇಳುವುದಿಲ್ಲ. ವರ್ಷವಿಡೀ ಹಗಲು 30 ಡಿಗ್ರಿಯ ಆಸುಪಾಸು. ಅಲ್ಲಿ ಎಲ್ಲವನ್ನೂ ಹೇಳುವುದು ಗಾಳಿ. ಅಕ್ಟೋಬರಿನಿಂದ ಏಪ್ರಿಲ್ ತನಕ ಕಡಲು ತಗ್ಗಿರುತ್ತದೆ. ಸೂರೆ ಮೀನಿಗೆ ದೋಣಿಗಳು ಹೊರಡುತ್ತವೆ, ಮಂಜಿಗಳು ಬರುತ್ತವೆ. ಮೇ ಹಿಡಿದ ಮೇಲೆ ಗಾಳಿ ನೈಋತ್ಯಕ್ಕೆ ತಿರುಗುತ್ತದೆ. ಪಡುವಣ ದಿಕ್ಕಿನ ಹವಳದ ದಿಬ್ಬದ ಮೇಲೆ ತೆರೆ ಒಡೆಯುತ್ತದೆ; ಆ ದಿಬ್ಬ ಇರುವುದರಿಂದಲೇ ಒಳಗಿನ ನೀರು, ನೀರಿನಾಚೆಯ ಮನೆ, ಮನೆಯೊಳಗಿನ ಮಗು ಉಳಿದಿರುವುದು. ಮೇ 15ರಿಂದ ಸೆಪ್ಟೆಂಬರ್ 15ರವರೆಗೆ ಮಂಜಿಗಳು ಹೊರಡುವಂತಿಲ್ಲ. ಅಲ್ಲಿಯವರು ಆ ನಾಲ್ಕು ತಿಂಗಳ ಅಕ್ಕಿ ಮೊದಲೇ ತುಂಬಿಟ್ಟುಕೊಳ್ಳಬೇಕು. ಅದಕ್ಕೇ ಏಪ್ರಿಲ್ ತಿಂಗಳಲ್ಲಿ ಅಪ್ಪನಿಗೆ ಬೆನ್ನು ನೆಟ್ಟಗೆ ಮಾಡಲು ಪುರುಸೊತ್ತಿಲ್ಲ. ಮೇ ಕಳೆದರೆ ಪುರುಸೊತ್ತೇ ಪುರುಸೊತ್ತು.

ಸಮುದ್ರ ಹೇಗಿದೆ ಅಂತ ದಿನಾ ಅಳೆದು ಹೇಳುವ ಇಲಾಖೆಗಳಿವೆ. ಅವರದೇ ಒಂದು ಭಾಷೆ ಇದೆ. ತೆರೆ ಒಂದೂಕಾಲು ಮೀಟರಿನಿಂದ ಎರಡೂವರೆ ಮೀಟರು ಇದ್ದರೆ ಸಾಧಾರಣ. ನಾಲ್ಕರವರೆಗೆ ಒರಟು. ಆರರವರೆಗೆ ಬಹಳ ಒರಟು. ಈ ಎತ್ತರವನ್ನು ಲೆಕ್ಕ ಹಾಕುವ ಬಗೆ ಓದಿ ನಾನು ನಕ್ಕಿದ್ದೆ. ಬಂದ ತೆರೆಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸುತ್ತಾರೆ. ಅದರಲ್ಲಿ ಎತ್ತರದ ಮೂರನೇ ಒಂದು ಭಾಗವನ್ನು ಮಾತ್ರ ತೆಗೆದುಕೊಂಡು ಸರಾಸರಿ ಮಾಡುತ್ತಾರೆ. ಇದಕ್ಕೆ ಗಣನೀಯ ಎತ್ತರ ಅಂತ ಹೆಸರು. ಕೆಳಗಿನ ಎರಡು ಪಾಲು ತೆರೆಗಳು ಗಣನೆಗೆ ಇಲ್ಲ! ಕಡಲಿನ ವಿಷಯದಲ್ಲಿ ಇದು ಸರಿ. ದೋಣಿ ಮುಳುಗಿಸುವುದು ದೊಡ್ಡ ತೆರೆಯೇ. ಊರಿನ ವಿಷಯದಲ್ಲೂ ಇದೇ ಲೆಕ್ಕ ನಡೆದುಕೊಂಡು ಬಂದಿದೆಯಲ್ಲ, ಅದು ಸರಿಯೇ? ಊರ ಹಿರಿಯರು ಅಂದರೆ ಮೇಲಿನ ಮೂರನೇ ಒಂದು ಪಾಲು. ಊರ ಅಭಿಪ್ರಾಯ ಅಂದರೆ ಅವರ ಸರಾಸರಿ.

ಬಂದರುಗಳಲ್ಲಿ ಕಂಬಕ್ಕೆ ಏರಿಸುವ ಸಂಕೇತಗಳೂ ಹಾಗೇ, ಒಂದು ಲಿಪಿ ಇದ್ದಂತೆ. 1 ಅಂದರೆ ದೂರದ ಕಡಲಲ್ಲಿ ವಾಯುಭಾರ ಕುಸಿದಿದೆ. 3 ಅಂದರೆ ಈ ಬಂದರಿಗೇ ಬಿರುಸು ಗಾಳಿ ಬರಬಹುದು. 8, 9, 10 ಮಹಾ ಅಪಾಯ. ಸಾಲಿ ಕಲಿಯದ ನಮ್ಮಪ್ಪನಿಗೆ ಇವು ಬಾಯಿಪಾಠ. "ಮೂರನೇ ನಂಬರ್ ಹಾಕ್ಯಾರ" ಅಂದರೆ ಅವ್ವ ಕೇಳದೆಯೇ ಹಿಟ್ಟಿನ ಡಬ್ಬಿಯ ತಳ ನೋಡುತ್ತಿದ್ದಳು. ಕೊನೆಯದು 11. ಹವಾಮಾನ ಕೇಂದ್ರದ ಸಂಪರ್ಕವೇ ಕಡಿದುಹೋಗಿದೆ, ಇನ್ನು ನಿಮ್ಮ ಕಣ್ಣೇ ನಿಮಗೆ ದಿಕ್ಕು ಅಂತ ಅದರ ಅರ್ಥ. ನಮ್ಮ ಕೇರಿಗಳಿಗೆ ಹನ್ನೊಂದನೇ ನಂಬರ್ ಹಾಕಿ ಎಷ್ಟು ಶತಮಾನವಾಯಿತೋ ಲೆಕ್ಕ ಇಟ್ಟವರಿಲ್ಲ.

ದ್ವೀಪದ ಕಡಲು ಎಲ್ಲರಿಗೂ ಒಂದೇ. 1847ರ ಬಿರುಗಾಳಿ ಕಲ್ಪೇನಿ, ಅಂದ್ರೋತ್ ದ್ವೀಪಗಳನ್ನು ಹೊಡೆದು ಕೆಡವಿತು. 2017ರ ಡಿಸೆಂಬರಿನಲ್ಲಿ ಓಖಿ ಬಂತು, 2021ರ ಮೇ ತಿಂಗಳಲ್ಲಿ ತೌಕ್ತೆ. ಗಾಳಿ ಯಾರ ಮನೆತನವನ್ನೂ ವಿಚಾರಿಸಲಿಲ್ಲ. ಆದರೆ ಗಾಳಿಗೆ ಎದುರಾಗಿ ಯಾರು ನಿಲ್ಲಬೇಕು ಎಂಬುದನ್ನು ಮನುಷ್ಯರು ಮೊದಲೇ ಗೊತ್ತು ಮಾಡಿದ್ದರು.

ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ದ್ವೀಪಗಳ ಹಳೆಯ ಸಮಾಜದಲ್ಲಿ ಮೂರು ಮೆಟ್ಟಿಲು. ಮೇಲೆ ಕೋಯರು: ತೆಂಗಿನ ತೋಟ ಅವರದು, ಹಡಗು ಅವರದು. ನಡುವೆ ಮಾಲ್ಮಿಗಳು: ಹಡಗು ನಡೆಸುವವರು. ಕೆಳಗೆ ಮೇಲಾಚೇರಿಗಳು. ಹೆಸರಿನಲ್ಲಿ ಮೇಲು, ಬದುಕಿನಲ್ಲಿ ಕೆಳಗು. ಮರ ಹತ್ತಿ ಕಾಯಿ ಕೆಡವುವುದು, ನೀರಾ ಇಳಿಸುವುದು, ಬೆಲ್ಲ ಕಾಯಿಸುವುದು, ಒಡೆಯನ ದೋಣಿಗೆ ಹುಟ್ಟು ಹಾಕುವುದು ಇವರ ಪಾಲು. ದ್ವೀಪದವರು ಹೆಚ್ಚುಕಡಿಮೆ ಎಲ್ಲರೂ ಮುಸ್ಲಿಮರು. ಅವರ ಧರ್ಮ ಜಾತಿಯನ್ನು ಒಪ್ಪುವುದಿಲ್ಲ. ಆದರೂ ಮೆಟ್ಟಿಲು ಇತ್ತು. ಮೇಲಾಚೇರಿ ಸ್ವಂತ ಹಡಗು ಇಟ್ಟುಕೊಳ್ಳುವಂತಿರಲಿಲ್ಲ. ಅಂಗಿ ತೊಡುವಂತಿರಲಿಲ್ಲ, ಚಪ್ಪಲಿ ಮೆಟ್ಟುವಂತಿರಲಿಲ್ಲ, ಛತ್ರಿ ಹಿಡಿಯುವಂತಿರಲಿಲ್ಲ.

ಛತ್ರಿ! ವರ್ಷಕ್ಕೆ ಒಂದೂವರೆ ಸಾವಿರ ಮಿಲಿಮೀಟರು ಮಳೆ ಬೀಳುವ ಕಡೆ, ಮಳೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲುವವನಿಗೆ ಛತ್ರಿ ಇಲ್ಲ. ತೊಯ್ದ ತೆಂಗಿನ ಮರ ಜಾರುತ್ತದೆ. ಅದನ್ನು ಹತ್ತುವವನು ಇವನು. ಕೆಳಗೆ ಛತ್ರಿ ಹಿಡಿದು ಕಾಯಿ ಎಣಿಸುವವನು ಬೇರೆ.

ಇದನ್ನು ಓದಿದ ರಾತ್ರಿ ಅಮ್ಮನಿಗೆ ಹೇಳಿದೆ. ಅಮ್ಮ ಅಂದರೆ ನಮ್ಮಪ್ಪನ ತಾಯಿ. ಆಕೆಗೆ ಆಶ್ಚರ್ಯವೇ ಆಗಲಿಲ್ಲ. "ಕಡಲಾಗೂ ಗೌಡರ ಓಣಿ ಇತ್ತೇನ?" ಅಂದಳು. ತನ್ನ ಕಾಲದಲ್ಲಿ ಮೇಲಿನ ಓಣಿ ಬಂದಾಗ ಚಪ್ಪಲಿ ಕೈಗೆ ಬರುತ್ತಿತ್ತು, ತಲೆ ಮೇಲಿನ ಗೋಣಿ ಕೊಪ್ಪೆ ಕಂಕುಳಿಗೆ ಬರುತ್ತಿತ್ತು ಅಂದಳು. ಓಣಿ ದಾಟುವಷ್ಟರಲ್ಲಿ ಸೀರೆ ಹಿಂಡುವಂತಾಗುತ್ತಿತ್ತು.

ಆ ದ್ವೀಪಗಳಿಗೂ ನಮ್ಮ ನಾಡಿಗೂ ನಂಟು ಇವತ್ತಿನದಲ್ಲ. 1780ರ ದಶಕದಲ್ಲಿ ಅಮಿನಿಯ ಜನ ಕಣ್ಣೂರಿನ ಅರಕ್ಕಲ್ ಮನೆತನದ ಸುಲಿಗೆ ತಾಳಲಾರದೆ ಕಡಲು ದಾಟಿ ಟಿಪ್ಪುವಿನ ಆಶ್ರಯ ಕೇಳಿದರು. 1799ರ ನಂತರ ಕಂಪನಿ ಬಂತು. ಆಮೇಲೆ 1956ರವರೆಗೂ ಅಮಿನಿ ಗುಂಪಿನ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಆ ಕಾಲದಲ್ಲಿ ತೆಂಗಿನ ನಾರಿನ ಹುರಿ ಸರಕಾರದ ಸೊತ್ತು. ಹೆಂಗಸರು ದಂಡೆಯ ಮರಳಲ್ಲಿ ಸಿಪ್ಪೆ ಹೂತು, ಕೊಳೆಸಿ, ಬಡಿದು, ಹೊಸೆದ ಹುರಿ ಮಂಗಳೂರಿಗೆ ಬರಬೇಕು. ಸರಕಾರವೇ ದರ ಕಟ್ಟಿ ಅದಕ್ಕೆ ಅಕ್ಕಿ ಕೊಡಬೇಕು. ಹುರಿ ಅಗ್ಗ, ಅಕ್ಕಿ ತುಟ್ಟಿ. ಒಂದು ಬಿರುಗಾಳಿಗೆ ಹಡಗು ಮುಳುಗಿದರೆ ವರ್ಷದ ದುಡಿತವೂ ಹೋಯಿತು, ಊಟವೂ ಹೋಯಿತು.

ಬದಲಾವಣೆ ತಾನಾಗಿ ಬರಲಿಲ್ಲ. ಮೇಲಾಚೇರಿಗಳು ಅಂಗಿ ತೊಟ್ಟರು, ಜಗಳಾಡಿದರು, ಕೋರ್ಟು ಕಚೇರಿ ಹತ್ತಿದರು, ಸಾಲಿ ಕಲಿತರು. 1965ರಲ್ಲಿ ಭೂಕಂದಾಯ ಮತ್ತು ಗೇಣಿಯ ನಿಯಮ ಬಂದು, ಮರ ಹತ್ತುತ್ತಿದ್ದವರಿಗೆ ಮರದ ಬುಡದ ಮೇಲೂ ಹಕ್ಕು ಹುಟ್ಟಿತು. ಛತ್ರಿಯ ಕಟ್ಟಳೆ ಮುರಿದುಬಿತ್ತು.

ಆದರೆ ಕಡಲಿನ ಕಟ್ಟಳೆ ಈಗ ಬದಲಾಗುತ್ತಿದೆ. ದಂಡೆಯಲ್ಲಿ ಗಾಳಿಯೇ ಇಲ್ಲದ ದಿನ ತೆರೆ ಎದ್ದು ಮನೆಗೆ ನುಗ್ಗುವುದುಂಟು. ಸಾವಿರಾರು ಕಿಲೋಮೀಟರು ದೂರದ ದಕ್ಷಿಣದ ಕಡಲಲ್ಲಿ ಎದ್ದ ಬಿರುಗಾಳಿಯ ತೆರೆ ದಿನಗಟ್ಟಲೆ ಸದ್ದಿಲ್ಲದೆ ನಡೆದು ಬಂದು ಇಲ್ಲಿ ಬಡಿಯುತ್ತದೆ. ಮಲೆಯಾಳಿ ಮೀನುಗಾರರು ಇದನ್ನು ಕಳ್ಳಕ್ಕಡಲ್ ಅನ್ನುತ್ತಾರೆ, ಕಳ್ಳನ ಹಾಗೆ ಬರುವ ಕಡಲು. 2012ರಲ್ಲಿ ಯುನೆಸ್ಕೊ ಆ ಹೆಸರನ್ನೇ ಒಪ್ಪಿಕೊಂಡಿತು. ಮೀನುಗಾರ ಇಟ್ಟ ಹೆಸರನ್ನು ವಿಜ್ಞಾನಿ ಬರೆದುಕೊಂಡ ಈ ಸಂಗತಿ ನನಗೆ ಯಾವ ಪ್ರಶಸ್ತಿಗಿಂತಲೂ ದೊಡ್ಡದಾಗಿ ಕಂಡಿದೆ. ಇನ್ನೊಂದು ಕಡೆ, 1998, 2010, 2016, 2024ರಲ್ಲಿ ನೀರು ಕಾದು ಹವಳ ಬಿಳಿಚಿಕೊಂಡಿತು. ಹವಳ ಸತ್ತರೆ ದಿಬ್ಬ ಸವೆಯುತ್ತದೆ. ದಿಬ್ಬ ಸವೆದರೆ ತೆರೆಗೆ ತಡೆ ಇಲ್ಲ. ಕಡಲನ್ನು ಕಾಯಿಸಿದ ಹೊಗೆ ಆ ದ್ವೀಪದವರ ಒಲೆಯಿಂದ ಎದ್ದದ್ದಲ್ಲ. ಉಳ್ಳವರ ಹೊಗೆ, ಇಲ್ಲದವರ ಬಾವಿಗೆ ಉಪ್ಪು.

ಮುಂಗಾರು ಬಂತು ಅಂತ ಸಾರಲು ಹವಾಮಾನ ಇಲಾಖೆ 14 ಕೇಂದ್ರಗಳ ಪಟ್ಟಿ ಇಟ್ಟುಕೊಂಡಿದೆ. ಮೇ 10ರ ನಂತರ ಇವುಗಳಲ್ಲಿ ನೂರಕ್ಕೆ 60ರಷ್ಟು ಕೇಂದ್ರಗಳಲ್ಲಿ ಎರಡು ದಿನ ಸತತ ಎರಡೂವರೆ ಮಿಲಿಮೀಟರು ಮಳೆ ಬೀಳಬೇಕು. ಗಾಳಿ, ಮೋಡದ ಲೆಕ್ಕವೂ ಕೂಡಿಬರಬೇಕು. ಪಟ್ಟಿಯ ಮೊದಲ ಹೆಸರು ಮಿನಿಕಾಯ್, ಎರಡನೆಯದು ಅಮಿನಿ. ಕೊನೆಯದು ಮಂಗಳೂರು. ಆ ಪಟ್ಟಿಯ ಆಚೆ, ಯಾವ ಪಟ್ಟಿಯಲ್ಲೂ ಇಲ್ಲದ ನಮ್ಮೂರು. ಅಮಿನಿಯಲ್ಲಿ ಮಂಜಿಯನ್ನು ಕಟ್ಟಿಹಾಕಿದ ಅದೇ ಗಾಳಿ ಮಂಗಳೂರಿನಲ್ಲಿ ಅಪ್ಪನ ಕೂಲಿ ಕಡಿಯುತ್ತದೆ. ಘಟ್ಟ ಹತ್ತಿ ಕೈಲಿದ್ದ ನೀರೆಲ್ಲ ಚೆಲ್ಲಿಕೊಂಡು ನಮ್ಮೂರಿಗೆ ಬರಿಗೈಲಿ ಬರುತ್ತದೆ. ಬರಿಗೈಲಿ ಬಂದ ಅಪ್ಪ ಅದೇ ಗಾಳಿಯಲ್ಲಿ ಇನ್ನೊಬ್ಬರ ಹೊಲಕ್ಕೆ ಕೂಲಿಗೆ ಹೋಗುತ್ತಾನೆ.

ಕಡಲು ಮುಚ್ಚಿದ ತಿಂಗಳುಗಳಿಗೆ ಮೀನುಗಾರರಿಗೆ ಉಳಿತಾಯ-ಪರಿಹಾರ ಅಂತ ಒಂದು ಯೋಜನೆ ಇದೆ. ಕಡಿಮೆಯೇ ಇರಲಿ, ಇದೆ; ಕೇಳಿ ಪಡೆದದ್ದು. ನಾಲ್ಕು ತಿಂಗಳು ಅದೇ ಕಡಲು ಮುಚ್ಚಿದ್ದಕ್ಕೆ ನಮ್ಮಪ್ಪನಿಗೆ ಇಷ್ಟು ವರ್ಷದಲ್ಲಿ ಬಿಡಿಗಾಸು ಬಂದಿಲ್ಲ. ಮಂಜಿಯ ಲೆಕ್ಕದಲ್ಲಿ ಚೀಲ ಇದೆ, ಚೀಲದ ಕೆಳಗಿನ ಬೆನ್ನು ಇಲ್ಲ. ಹಳ್ಳಿ ಸಾಲಿಗಳಲ್ಲಿ ಪಾಠ ಹೇಳುವ ಗೆಳೆಯರೇ, ಮುಂಗಾರಿನ ಪಾಠದ ದಿನ ಬೋರ್ಡಿನ ಮೇಲೆ ಬಾಣ ಎಳೆದು ಗಾಳಿ ಎತ್ತಣಿಂದ ಬರುತ್ತದೆ ಅಂತ ತೋರಿಸಿದ ಮೇಲೆ ಮಕ್ಕಳಿಗೆ ಇನ್ನೊಂದು ಪ್ರಶ್ನೆ ಕೇಳಿರಿ: ಈ ಗಾಳಿ ಬಂದ ದಿನ ನಿಮ್ಮ ಮನೆಯಲ್ಲಿ ಯಾರ ಕೂಲಿ ನಿಲ್ಲುತ್ತದೆ? ಬಂದ ಉತ್ತರಗಳನ್ನು ಬಾಣದ ಪಕ್ಕದಲ್ಲೇ ಬರೆಯಿರಿ, ಅಳಿಸಬೇಡಿರಿ.