ಪೇಟೆಯ ಬಾಗಿಲು

ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಪೇಟೆ. ಹುಡುಗನಾಗಿದ್ದಾಗ ನನಗೆ ಅವು ಊರೆಲ್ಲ ಸೀನುವ ದಿನಗಳು. ಅಮ್ಮಿ ಅಂಗಡಿಯೊಂದರಲ್ಲಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದರು. ರಾತ್ರಿ ಉರಿಯುವ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದರು. "ಈ ಕಾಯಿ ಎಲ್ಲಿಗೆ ಹೋಗ್ತದ ಅಮ್ಮಿ?" ಎಂದರೆ, "ರೊಕ್ಕ ಇದ್ದಲ್ಲಿಗೆ" ಎನ್ನುತ್ತಿದ್ದರು.

ಅದು ಸುಳ್ಳಲ್ಲ. ನಮ್ಮ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಅದರಿಂದ ತೆಗೆದ ಓಲಿಯೋರೆಸಿನ್ ಹೊರದೇಶಗಳ ಆಹಾರಕ್ಕೂ ಲಿಪ್‌ಸ್ಟಿಕ್ಕಿಗೂ ಬಣ್ಣವಾಗುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ದಕ್ಕಿತು.

1991ರಲ್ಲಿ ನಾನು ಉರ್ದು ಶಾಲೆಯಲ್ಲಿದ್ದೆ. ಆ ವರ್ಷ ನಮ್ಮ ದೇಶ ತನ್ನ ಪೇಟೆಯ ಬಾಗಿಲು ತೆರೆಯಿತು. ಅದೇ ವರ್ಷ ಸೋವಿಯತ್ ಒಕ್ಕೂಟ ಕುಸಿಯಿತು. ರೂಪಾಯಿಯಲ್ಲೇ ನಡೆಯುತ್ತಿದ್ದ ಆ ವ್ಯಾಪಾರ ಮುರಿದಾಗ ನಮ್ಮ ಕಾಫಿ ಬೆಳೆಗಾರರು ದೊಡ್ಡ ಗಿರಾಕಿಯನ್ನು ಕಳೆದುಕೊಂಡರು. 1992ರ ಜನವರಿಯಲ್ಲಿ ರಷ್ಯಾ ಬೆಲೆಗಳ ಮೇಲಿನ ಹಿಡಿತ ಬಿಟ್ಟಿತು. ಅಂಗಡಿಗಳಲ್ಲಿ ಮಾಲು ಕಾಣಿಸಿತು, ಜನಸಾಮಾನ್ಯರ ಉಳಿತಾಯ ಮಾತ್ರ ಕರಗಿಹೋಯಿತು. ಸರ್ಕಾರಿ ಕಾರ್ಖಾನೆಗಳು ಕೆಲವೇ ಜನರ ಪಾಲಾದವು. ಬಾಗಿಲು ತೆರೆದಿತ್ತು ನಿಜ, ಆದರೆ ಒಳಗಿನ ಲೆಕ್ಕ ಬಲ್ಲವರು ಕೆಲವರೇ.

ಶಾಲೆಯಲ್ಲಿ ಮೌಲ್ವಿ ಸಾಹೇಬರು ಹೇಳಿದ್ದ ಹದೀಸೊಂದು ನೆನಪಾಗುತ್ತದೆ. ದೂರದಿಂದ ಬರುವ ವ್ಯಾಪಾರಿಗಳನ್ನು ಊರ ಹೊರಗೇ ಎದುರುಗೊಂಡು, ಪೇಟೆಯ ದರ ತಿಳಿಯುವ ಮೊದಲೇ ಅವರ ಮಾಲು ಕೊಳ್ಳುವುದನ್ನು ಪ್ರವಾದಿಯವರು(ಸ) ನಿಷೇಧಿಸಿದ್ದರು. ಮಾರುವವನಿಗೆ ದರ ಗೊತ್ತಿದ್ದರಷ್ಟೇ ಅದು ಪೇಟೆ. 2020ರಲ್ಲಿ ಎಪಿಎಂಸಿ ಪ್ರಾಂಗಣದ ಹೊರಗೂ ಖರೀದಿಗೆ ಅವಕಾಶ ಕೊಟ್ಟ ತಿದ್ದುಪಡಿಗೆ ರೈತರು ಅಂಜಿದ್ದು ಸುಮ್ಮನೆ ಅಲ್ಲ.

ಆದರೆ ಪ್ರಾಂಗಣದ ಒಳಗೂ ಆ ಅಂಜಿಕೆ ತಪ್ಪಲಿಲ್ಲ. 2024ರ ಮಾರ್ಚ್ 11, ಸೋಮವಾರ. ದರ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿಯನ್ನು ನಾನು ಒಪ್ಪಲಾರೆ. ಆದರೆ ಸಾಲ ಮಾಡಿ ಬೆಳೆದವನಿಗೆ, ತನ್ನ ಕಾಯಿಯ ದರ ಎಲ್ಲಿ, ಯಾರಿಂದ, ಏಕೆ ಇಳಿಯಿತೆಂದು ತಿಳಿಹೇಳುವವರು ಯಾರೂ ಇಲ್ಲದಿದ್ದರೆ, ಆ ಪೇಟೆ ಅವನ ಪಾಲಿಗೆ ತೆರೆದಿದೆ ಎನ್ನುವುದು ಹೇಗೆ?

ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ಆ ಸಂಜೆ ಅಮ್ಮಿ ಟಿವಿ ಮುಂದೆ ಕೂತಿದ್ದರು. ದರದ ಮಾತು, ಸರ್ಕಾರದ ಮಾತು ಎಲ್ಲ ಮುಗಿದ ಮೇಲೆ ಅವರು ಕೇಳಿದ್ದು ಇಷ್ಟೇ: "ನಾಳೆ ತೊಟ್ಟು ಬಿಡಿಸೋ ಹೆಣ್ಣುಮಕ್ಕಳಿಗೆ ಕೂಲಿ ಸಿಗ್ತದೋ ಇಲ್ಲೋ?"

ನನ್ನಲ್ಲಿ ಉತ್ತರವಿರಲಿಲ್ಲ.