ಇಮ್ಮಡಿ ಎತ್ತರದ ಕಂಬ

ಇಂದು ಬೆಳಗ್ಗೆ ಬಂಧುಗಳ ವಾಟ್ಸಾಪ್ ಬಳಗದಲ್ಲಿ ಯಾವುದೋ ಔಷಧದ ಅಪಾಯವನ್ನು ಸಾರುವ ಸ್ತಂಭಚಿತ್ರವೊಂದನ್ನು ಕಂಡೆ. ಒಂದು ಕಂಬ ಕುಳ್ಳು, ಇನ್ನೊಂದು ಅದರ ಇಮ್ಮಡಿ, ಪಕ್ಕದಲ್ಲಿ ಅಳತೆಯ ಅಂಕಿಯೇ ಇಲ್ಲ! ಒಡನೆಯೇ ನೆನಪಾದುದು 1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನಲ್ಲಿ ನಡೆದ ಪ್ರಸಂಗ. ಹೊಸ ಬಗೆಯ ಗರ್ಭನಿರೋಧಕ ಗುಳಿಗೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಇಮ್ಮಡಿಯಾಗುತ್ತದೆಂದು ಅಲ್ಲಿಯ ಔಷಧ ಸುರಕ್ಷತಾ ಸಮಿತಿಯು ಎಚ್ಚರಿಸಿದಾಗ, ಭಯಗ್ರಸ್ತರಾದ ಅನೇಕ ಸ್ತ್ರೀಯರು ಗುಳಿಗೆಯನ್ನೇ ತ್ಯಜಿಸಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 13,000 ಗರ್ಭಪಾತಗಳು ಅಧಿಕವಾಗಿ ಸಂಭವಿಸಿದುವೆಂದು ಅಂದಾಜು. ವಾಸ್ತವದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವದ ಏರಿಕೆಯೆಷ್ಟು? ಹಳೆಯ ಗುಳಿಗೆ ಸೇವಿಸುವ 7,000 ಮಂದಿಯಲ್ಲಿ ಸುಮಾರು ಒಬ್ಬರಿಗೆ ಆಗುತ್ತಿದ್ದುದು, ಹೊಸದರಿಂದ ಇಬ್ಬರಿಗೆ. ಇದನ್ನೇ ಎರಡು ಕಂಬಗಳಾಗಿ ಬರೆದರೆ ನೋಡುವವರ ಎದೆ ಝಲ್ಲೆನ್ನುತ್ತದೆ. 7,000 ಚುಕ್ಕೆಗಳ ನಡುವೆ ಎರಡಕ್ಕೆ ಬಣ್ಣ ಹಚ್ಚಿ ತೋರಿಸಿದರೆ, ಆ ಎರಡನ್ನು ಹುಡುಕುವುದರಲ್ಲಿಯೇ ಭೀತಿಯು ಅರ್ಧ ಇಳಿದುಹೋದೀತು.

ಓದುಬರಹ ಬಲ್ಲವರೆಲ್ಲರೂ ನಕ್ಷೆಯನ್ನೂ ಓದಬಲ್ಲರೆಂಬ ನಂಬಿಕೆ ಎಷ್ಟು ದುರ್ಬಲವೆಂಬುದಕ್ಕೆ, ಮಿರ್ತಾ ಗಲೇಸಿಕ್ ಮತ್ತು ರೊಸಿಯೊ ಗಾರ್ಸಿಯಾ-ರೆಟಮೆರೊ ಎಂಬ ವಿದುಷಿಯರು 2011ರಲ್ಲಿ ಪ್ರಕಟಿಸಿದ 13 ಪ್ರಶ್ನೆಗಳ ಪರೀಕ್ಷೆಯೇ ಸಾಕ್ಷಿ: ಜರ್ಮನಿ, ಅಮೆರಿಕಗಳಲ್ಲಿಯೇ ಸುಮಾರು ಮೂರರಲ್ಲೊಂದು ಪಾಲು ಜನ ಅದರಲ್ಲಿ ಹಿಂದುಳಿದರು. (ನಾವಾದರೋ ಶಾಲೆಯಲ್ಲಿ ಗ್ರಾಫ್ ಹಾಳೆಯ ಮೇಲೆ ಬಿಂದುಗಳನ್ನು ಸೇರಿಸಿ ಅಂಕ ಗಳಿಸಿದವರು, ಪರರು ಎಳೆದ ಗೆರೆಯನ್ನು ಶಂಕಿಸಲು ಕಲಿತವರು ವಿರಳ.) ಲಂಬಾಕ್ಷವು ಸೊನ್ನೆಯಿಂದ ಹೊರಡುತ್ತದೆಯೇ, ಎಷ್ಟು ಜನರಲ್ಲಿ ಎಷ್ಟು ಮಂದಿಗೆ ಎಂಬುದನ್ನು ನೋಡದೆ ಇಂಥ ಚಿತ್ರಗಳನ್ನು ದಯವಿಟ್ಟು ಮುಂದಕ್ಕೆ ಕಳುಹಿಸದಿರಿ. ನಿಮ್ಮ ಬಳಗಗಳಿಗೂ ಇಂಥವು ಬರುತ್ತಿವೆಯೇ? ತಿಳಿಸಿರಿ.